ಓಡಿಸುವವರು

"ಇನ್ನೊಂದು ಸುತ್ತು ಮಾಸ್ಟ್ರೇ! ಈಗ ತಾನೇ ಕಾಲು ಬಿಸಿಯಾಗಿದೆ, ನಿಲ್ಲಬಾರದು!" ಎಂದು ಔಷಧಿ ಅಂಗಡಿಯವನು ಮುಂದಿನಿಂದ ಕೂಗಿದ. ಮೈದಾನದ ಬೇಲಿ ಹಿಡಿದು ಏದುಸಿರು ಬಿಡುತ್ತಿದ್ದ ಟೈಲರ್‌ಗೆ ಮೈಯೆಲ್ಲ ಉರಿದುಹೋಯಿತು. ಕೂಗುವ ಮೊದಲು ಈ ಆಸಾಮಿ ಮೊಬೈಲ್ ನೋಡಿಕೊಂಡದ್ದನ್ನು ಅವನು ಗಮನಿಸಿದ್ದ. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ತಾನು ಮನೆ ಕಡೆ ತಿರುಗಿದರೆ ಸಾಕು, ಇವನ ಕೈ ಜೇಬಿಗೆ ಹೋಗುತ್ತದೆ, ಎಲ್ಲಿಂದಲೋ ಇನ್ನೊಂದು ಸುತ್ತು ಹುಟ್ಟಿಕೊಳ್ಳುತ್ತದೆ.

ಐವತ್ತೆಂಟನೇ ವಯಸ್ಸಿನಲ್ಲಿ ಓಟ! ಮಾತು ಎತ್ತಿದವಳು ಹೆಂಡತಿ. ಮೂವತ್ತು ವರ್ಷ ಮಷೀನಿನ ಮುಂದೆ ಕೂತು ಗಂಡನ ಬೆನ್ನು ಬಾಗಿದರೂ ತುಟಿ ಪಿಟಕ್ಕೆನ್ನದವಳಿಗೆ ಒಂದೂವರೆ ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಅವನ ಆರೋಗ್ಯದ ಚಿಂತೆ ಹತ್ತಿತ್ತು. ಅವಳ ತಮ್ಮ ಬೂಟು ತಂದುಕೊಟ್ಟ. ಪಕ್ಕದ ಔಷಧಿ ಅಂಗಡಿಯವನು ಕರೆಯದೆಯೇ ಜೊತೆಗೆ ಹೊರಟ. ಒಂದು ಕಂಬದವರೆಗೆ ಓಟ, ಇನ್ನೊಂದು ಕಂಬದವರೆಗೆ ನಡಿಗೆ ಎಂದು ಶುರುವಾದದ್ದು ಈಗ ಮೈದಾನಕ್ಕೆ ನಾಲ್ಕು ಸುತ್ತಾಗಿತ್ತು. ಸುಳ್ಳೇಕೆ, ನಿದ್ದೆ ಸೊಗಸಾಗಿ ಬರುತ್ತಿತ್ತು, ಹೊಟ್ಟೆಯೂ ಇಳಿದಿತ್ತು. ಆದರೂ ಬೆಳಿಗ್ಗೆ ಆರಾದರೆ ಸಾಕು, ಮೂರು ಜನ ಸೇರಿ ಒಬ್ಬನನ್ನು ಮನೆಯಿಂದ ಅಟ್ಟುತ್ತಾರೆ ಅಂದರೆ ಏನರ್ಥ?

ಅವನ ಹೊಲಿಗೆ ಅಂಗಡಿ ಇದ್ದದ್ದು ಮನೆಯ ಮುಂಭಾಗದಲ್ಲೇ. ಓಡಿ ಬಂದು ಕೂತರೆ ಸ್ಟೂಲು ಒಂದು ಗೇಣು ಹಿಂದೆ ಸರಿದಿರುತ್ತಿತ್ತು. ಮಷೀನಿನ ಮೋಟರು ಬೆಚ್ಚಗಿರುತ್ತಿತ್ತು. ಭಾಮೈದನೂ ಟೈಲರೇ, ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. "ಸ್ವಂತ ಅಂಗಡಿಯ ಗತ್ತೇ ಬೇರೆ ಭಾವ" ಎಂದು ಅವನು ಒಮ್ಮೆ ಅಂದದ್ದು ನೆನಪಾಗಿ ಟೈಲರ್‌ಗೆ ಎಲ್ಲವೂ ತಾಳೆಯಾಯಿತು. ಅಕ್ಕ ತಮ್ಮ ಸೇರಿ ತನ್ನನ್ನು ಮೂಲೆಗೆ ತಳ್ಳುತ್ತಿದ್ದಾರೆ. ಓಟ ಬರೀ ನೆಪ. ಆ ಅಂಗಡಿಯೊಂದು ಕೈಬಿಟ್ಟರೆ ತನಗೆ ಇನ್ನೇನು ಉಳಿಯುತ್ತದೆ ಎಂದು ಯೋಚಿಸಿ ಅವನಿಗೆ ಹೆದರಿಕೆಯೇ ಆಯಿತು.

"ಬೂಟಿನ ಲೇಸು ಕಿತ್ತುಹೋಯ್ತು. ಮನೆಗೆ ಹೋಗಿ ಬರ್ತೀನಿ, ನೀನು ಓಡ್ತಿರು," ಎಂದ.

"ಅಯ್ಯೋ, ನನ್ನದೇ ಬಿಚ್ಚಿ ಕೊಡ್ತೀನಿ ತಗೊಳ್ಳಿ ಮಾಸ್ಟ್ರೇ!" ಔಷಧಿ ಅಂಗಡಿಯವನು ಆಗಲೇ ಬಗ್ಗಿದ್ದ.

"ನಿನ್ನ ಲೇಸು ನೀನೇ ಇಟ್ಕೊಳಯ್ಯಾ!" ಎಂದವನೇ ಟೈಲರ್ ಓಟ ಕಿತ್ತ. ಅಷ್ಟು ದಿನದಲ್ಲಿ ಮೊದಲ ಸಲ ಒಂದು ಕಂಬದ ಹತ್ತಿರವೂ ನಿಲ್ಲದೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಓಡಿದ.

ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಬಗ್ಗಿ ನೋಡಿದ. ಅಂದುಕೊಂಡದ್ದೇ ಸರಿ, ಭಾಮೈದ ಮಷೀನಿನ ಮುಂದೆ ಕೂತಿದ್ದ. ಕೊರಳಪಟ್ಟಿ ಹಿಡಿದು ಎಳೆಯಬೇಕು ಎಂದು ಕಾಲು ಮುಂದಿಟ್ಟವನಿಗೆ ನೆಲದ ಮೇಲೆ ಕೂತ ಹೆಂಡತಿ ಕಂಡಳು. ಅವಳ ಕೈಯಲ್ಲಿ ಬ್ಲೇಡಿತ್ತು, ಮಡಿಲಲ್ಲಿ ಅವನು ನಿನ್ನೆ ಸಂಜೆ ಹೊಲಿದು ಮುಗಿಸಿದ ಅಂಗಿ. ಅವಳು ಅದರ ತೋಳನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚುತ್ತಿದ್ದಳು.

"ಈ ತೋಳು ಅರ್ಧ ಇಂಚು ಕೆಳಗೆ ಜಾರಿದೆ ಅಕ್ಕಾ. ದಿನಾ ಹೀಗೆ ಎಷ್ಟು ದಿನ ಅಂತ ಮಾಡೋದು? ಭಾವಂಗೆ ಹೇಳಿಬಿಡೋಣ."

"ಏನಂತ ಹೇಳ್ಲಿ? ನಿಮ್ಮ ಕೈ ನಡುಗ್ತಿದೆ, ಹೊಲಿಗೆ ಸೊಟ್ಟ ಹೋಗ್ತಿದೆ ಅಂತಲಾ? ಒಂದು ಬಟ್ಟೆ ವಾಪಸ್ ಬಂದ ದಿನ ಕತ್ತರಿ ಕೆಳಗಿಡ್ತೀನಿ ಅಂತ ಬಂದವರಿಗೆಲ್ಲ ಹೇಳ್ಕೊಂಡು ಬಂದಿರೋ ಮನುಷ್ಯ. ಆವತ್ತು ಮೂರು ಅಂಗಿ ವಾಪಸ್ ಬಂದಾಗ ಅವರು ಊಟಕ್ಕೆ ಕೂತಿದ್ರು, ನನ್ನ ಪುಣ್ಯ." ಅವಳು ಬ್ಲೇಡು ಕೆಳಗಿಟ್ಟು ಬೆರಳು ಬಾಯಿಗಿಟ್ಟುಕೊಂಡಳು. ಗೀರಿ ರಕ್ತ ಬಂದಿತ್ತು. "ನೀನು ಬೇಗ ಹೊಲಿ. ಅವರು ಬರೋ ಹೊತ್ತಾಯ್ತು."

ಟೈಲರ್ ಗೋಡೆಗೆ ಒರಗಿ ನಿಂತ. ನಡುಕ ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಪೆದ್ದ! ಅದನ್ನು ಹೆಂಡತಿಯಿಂದ ಮುಚ್ಚಿಡಲು ಅವಳ ಎದುರು ಸೂಜಿಗೆ ದಾರ ಪೋಣಿಸುವುದನ್ನೇ ಬಿಟ್ಟಿದ್ದ. ನಾಚಿಕೆಯಾಯಿತು. ಅವಳು ಬೆರಳಿಗೆ ಸೆರಗಿನ ತುದಿ ಸುತ್ತಿಕೊಳ್ಳುವುದನ್ನು ನೋಡಿದ. ಸದ್ದು ಮಾಡದೆ ಮೈದಾನಕ್ಕೆ ಹಿಂದಿರುಗಿದ.

ಔಷಧಿ ಅಂಗಡಿಯವನು ಗಾಬರಿಯಿಂದ ಮೊಬೈಲ್ ಒತ್ತುತ್ತಿದ್ದವನು ಇವನನ್ನು ಕಂಡು ಜೇಬಿಗೆ ತುರುಕಿದ. "ಲೇಸು ಸಿಕ್ತಾ ಮಾಸ್ಟ್ರೇ?"

"ಹೂಂ. ನಡಿ, ಇವತ್ತು ಇನ್ನೆರಡು ಸುತ್ತು ಜಾಸ್ತಿ ಹಾಕೋಣ."

ಮರುದಿನ ಬೆಳಿಗ್ಗೆ ಅವನು ಓಟಕ್ಕೆ ಹೋದ ಮೇಲೆ ಹೆಂಡತಿ ಎಂದಿನಂತೆ ಹಿಂದಿನ ದಿನದ ಅಂಗಿ ತೆಗೆದುಕೊಂಡು ಕೂತಳು. ಬ್ಲೇಡು ಹುಡುಕುವಷ್ಟರಲ್ಲಿ ತಮ್ಮನು ಅಂಗಿಯ ತೋಳಿನ ಬಳಿ ಇಣುಕುತ್ತಿದ್ದ ದಾರದ ತುದಿ ಹಿಡಿದು ಸುಮ್ಮನೆ ಎಳೆದ. ಸರ್ರನೆ ಇಡೀ ತೋಳು ಕೈಗೆ ಬಂತು.

"ಅಕ್ಕಾ, ಇದು ಕಚ್ಚಾ ಹೊಲಿಗೆ," ಎಂದ ಅವನು ಮೆಲ್ಲಗೆ. "ಆಮೇಲೆ ಬಿಚ್ಚೋಕೆ ಅಂತಲೇ ಹಾಕಿರೋದು."

ಇನ್ನೊಂದು ತೋಳೂ ಹಾಗೇ ಬಂತು. ಕಾಲರೂ ಬಂತು. ಅವಳು ಅಂಗಿಯ ಮುಂಭಾಗವನ್ನು ಮಡಿಲಿಗೆ ಎಳೆದುಕೊಂಡು ಗುಂಡಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು. ಏಳು ಗುಂಡಿ, ಎಲ್ಲವೂ ಗಂಡ ಕೈಯಾರೆ ಗಟ್ಟಿಯಾಗಿ ಹೊಲಿದವು. ಒಂದೂ ಅಲುಗಾಡಲಿಲ್ಲ.