ಅತ್ತೆಯ ಗುಮ್ಮಟಕ್ಕೆ ಕೆಂಪು ಚೀಟಿ

ಬೆಳಿಗ್ಗೆ ಹನ್ನೊಂದು ಗಂಟೆಗೆ ಸೊಸೆ ತನ್ನ ಅತ್ತೆಯ ಗುಮ್ಮಟಕ್ಕೆ ಕೆಂಪು ಚೀಟಿ ಅಂಟಿಸಿದಳು. ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆಯ ಕೈಯಿಂದ ಬಂದ ಒಂದು ಗುಮ್ಮಟವೂ ಹಿಂದಕ್ಕೆ ಹೋದದ್ದಿರಲಿಲ್ಲ. ಸೊಸೆ ಆ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು, ತಪಾಸಣೆಯ ಮೇಜಿಗೆ ಬಂದು ಒಂಬತ್ತು ದಿನ.

ಗುಮ್ಮಟವೆಂದರೆ ಮಗುವಿನ ಊಟದ ಬಟ್ಟಲಿನಷ್ಟು ದೊಡ್ಡದು. ಕಾರ್ಖಾನೆಯಲ್ಲಿ ಎಲ್ಲರೂ ಗಾಜು ಎನ್ನುತ್ತಿದ್ದರೂ ಅದು ಕುಲುಮೆಯಲ್ಲಿ ಬೆಳೆಸಿದ, ನೀಲಮಣಿಯ ಜಾತಿಯ ಹರಳು. ಹತ್ತಿರದ ಕಾಳಗಕ್ಕೆಂದು ಯುದ್ಧವಿಮಾನದ ರೆಕ್ಕೆಗೆ ತೂಗುಹಾಕುವ ಕ್ಷಿಪಣಿಯ ಮೂತಿಯಲ್ಲಿ ಅದು ಕೂರುತ್ತದೆ. ಕ್ಷಿಪಣಿ ಅದರೊಳಗಿಂದಲೇ ಎದುರಾಳಿ ವಿಮಾನದ ಬಿಸಿಯನ್ನು ಕಂಡು ಬೆನ್ನಟ್ಟಬೇಕು. ಕೂದಲೆಳೆಯಷ್ಟು ಗೀರಿದ್ದರೂ ಅಲ್ಲಿ ಬಿಸಿಲು ಚದುರಿ, ವಿಮಾನವೇ ಇಲ್ಲದ ಕಡೆ ಅದಕ್ಕೆ ವಿಮಾನ ಕಂಡೀತು. ಅತ್ತೆ ಒಂದೊಂದನ್ನೂ ವಜ್ರದ ಪುಡಿಯಲ್ಲಿ ವಾರಗಟ್ಟಲೆ ಉಜ್ಜಿ ಹೊಳಪು ಕೊಡುತ್ತಿದ್ದರು.

ಮೇಲ್ವಿಚಾರಕರು ಓಡಿಬಂದರು. ಮೂರು ಗಂಟೆಗೆ ಲಾರಿ ಹೊರಡುವುದಿತ್ತು. ಹನ್ನೆರಡರ ಪೆಟ್ಟಿಗೆಯಲ್ಲಿ ಹನ್ನೊಂದೇ ಇದ್ದರೆ ಅದು ಬಾಗಿಲು ದಾಟುವಂತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರು. ಗೀರು ಅವರಿಗೂ ಕಂಡಿತು, ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಮುಖ ಮಾಡಿದರು. ಇಷ್ಟು ಸಣ್ಣದನ್ನು ಹಿಡಿದುಕೊಂಡು ಕೂತರೆ ಕೆಲಸ ಸಾಗುತ್ತದೆಯೇ ಎಂದು ಗೊಣಗಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: "ಅಲ್ಲಮ್ಮ, ಸಂಜೆ ನೀನು ಊಟಕ್ಕೆ ಹೋಗೋದು ಅದೇ ಮನೆಗೆ ತಾನೇ?"

"ಹೌದು ಸಾರ್. ಇವತ್ತು ಅಡುಗೆ ಸರದಿ ನಂದೇ" ಎಂದಳು ಸೊಸೆ.

ಸುದ್ದಿ ಹೊಳಪಿನ ವಿಭಾಗಕ್ಕೆ ಮುಟ್ಟಲು ಎರಡು ನಿಮಿಷವೂ ಹಿಡಿಯಲಿಲ್ಲ. ಅತ್ತೆ ಕೈಗವಸು ಹಾಕಿಕೊಂಡೇ ಬಂದರು, ಹಿಂದೆ ಅರ್ಧ ವಿಭಾಗ ಬಂತು. ಗುಮ್ಮಟವನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಗೀರೂ ಇಲ್ಲ ಏನೂ ಇಲ್ಲ ಎಂದರು. ಸೊಸೆ ಭೂತಗನ್ನಡಿ ಕೊಟ್ಟಳು. ಅದರಲ್ಲಿ ನೋಡಿಯೂ ಇಲ್ಲವೆಂದರು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಇವಳು ಇಲ್ಲಿ ಚೀಟಿ ಅಂಟಿಸಿ ಹೇಳುತ್ತಿದ್ದಾಳೆ ಎಂದೂ ಸೇರಿಸಿದರು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಿಂತಿದ್ದ ರೀತಿ ಗಮನಕ್ಕೆ ಬಂತು. ಕತ್ತು ಓರೆಯಾಗಿತ್ತು, ದೀಪವನ್ನು ಮೂಗಿನ ಹತ್ತಿರಕ್ಕೇ ಎಳೆದುಕೊಂಡಿದ್ದರು. ಬಲ್ಬು ಮಂಕು ಎಂದು ಮಗನ ಕೈಲಿ ಒಂದೇ ತಿಂಗಳಲ್ಲಿ ಮೂರು ಸಲ ಬದಲಾಯಿಸಿದ್ದು, ಸೂಜಿಗೆ ದಾರ ಪೋಣಿಸಲು ತನ್ನನ್ನು ಕರೆದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಇಷ್ಟು ಜನರ ಎದುರು ಅದನ್ನು ಆಡಿದರೆ ಅತ್ತೆಯ ಕೆಲಸಕ್ಕೇ ಕುತ್ತು. ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಬಂದ ಮಾತನ್ನು ನುಂಗಿಕೊಂಡು ಹತ್ತಿರ ಹೋಗಿ ಮೆಲ್ಲಗೆ, "ಅತ್ತೆ, ಕೈಗವಸು ತೆಗೆದು ನೋಡಿ" ಎಂದಳು.

ಗುಮ್ಮಟವನ್ನು ಬರಿಗೈಯಲ್ಲಿ ಮುಟ್ಟಬಾರದೆಂಬುದು ಅಲ್ಲಿನ ಮೊದಲ ಪಾಠ. ಕೆಂಪು ಚೀಟಿ ಬಿದ್ದ ಮೇಲೆ ಮಾತ್ರ ಆ ಕಟ್ಟಳೆಯಿಲ್ಲ. ಅತ್ತೆ ಸೊಸೆಯ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೈಗವಸು ಕಳಚಿ, ತಾವು ಹೊಳಪು ಕೊಟ್ಟ ಗುಮ್ಮಟದ ಮೇಲೆ ಮೊದಲ ಸಲ ಉಗುರಿಟ್ಟರು. ಉಗುರು ನೆತ್ತಿಯಿಂದ ಅಂಚಿನ ಕಡೆಗೆ ನಿಧಾನವಾಗಿ ಇಳಿಯಿತು. ಎಡಬದಿಯಲ್ಲಿ ಒಂದು ಕಡೆ ತಡೆಯಿತು. ಹಿಂದೆ ಹೋಗಿ ಮತ್ತೆ ಬಂತು, ಅಲ್ಲೇ ತಡೆಯಿತು.

ಈಗ ಕಂಡಿತು ಎಂದು ಅತ್ತೆ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

"ಇದೆ. ನನ್ನ ಕಣ್ಣಿಗೆ ಕಾಣ್ಲಿಲ್ಲ" ಎಂದರು ಅತ್ತೆ. ಮೇಲ್ವಿಚಾರಕರತ್ತ ತಿರುಗಿ, "ಪೆಟ್ಟಿಗೇಲಿರೋ ಹನ್ನೊಂದನ್ನೂ ಹೊರಗೆ ತೆಗೀರಿ. ಅದ್ರಲ್ಲಿ ನಾಲ್ಕು ನಂದು."

ಆ ನಾಲ್ಕಕ್ಕೂ ಹಸಿರು ಚೀಟಿ ಅಂಟಿಸಿದ್ದು ಸೊಸೆಗಿಂತ ಮುಂಚೆ ಆ ಮೇಜಿನಲ್ಲಿದ್ದ ತಪಾಸಕ. ಅತ್ತೆಯನ್ನು ಅಕ್ಕ ಎನ್ನುತ್ತಿದ್ದ ಅವನು, ಅಕ್ಕನ ಕೆಲಸವೆಂದರೆ ನೋಡುವುದೇನಿದೆ ಎಂದು ನೋಡದೆಯೇ ಅಂಟಿಸಿದ್ದ. ಆ ನಾಲ್ಕರ ಪೈಕಿ ಒಂದರಲ್ಲೂ ಗೀರು ಸಿಕ್ಕಿತು. ಲಾರಿ ಖಾಲಿ ಹೋಯಿತು. ಮೇಲ್ವಿಚಾರಕರು ತಲೆಯ ಮೇಲೆ ಕೈಹೊತ್ತು ಕೂತರು. ಆದರೆ ಗೀರಿದ್ದ ಎರಡನ್ನೂ ಮತ್ತೆ ಉಜ್ಜಿ ಸರಿಮಾಡಬಹುದೆಂದು ತಿಳಿದ ಮೇಲೆ ಎದ್ದು, ಅತ್ತೆಗೆ ಎರಡು ತಿಂಗಳ ರಜೆ ಬರೆದುಕೊಟ್ಟರು. ಕಣ್ಣು ಸರಿಮಾಡಿಕೊಂಡು ಇದೇ ಕುರ್ಚಿಗೆ ಬರಬೇಕು, ಬೇರೆಯವರನ್ನು ಕೂರಿಸುವುದಿಲ್ಲ ಎಂದೂ ಹೇಳಿದರು.

ಆ ಸಂಜೆ ಊಟದ ಮೇಜಿನಲ್ಲಿ ಮಗ ತಲೆಯೆತ್ತಲಿಲ್ಲ. ಕಾರ್ಖಾನೆಯ ಸುದ್ದಿ ಅವನಿಗೂ ಮುಟ್ಟಿತ್ತು. ಅಮ್ಮನ ಪರ ನಿಂತರೆ ಹೆಂಡತಿ, ಹೆಂಡತಿಯ ಪರ ನಿಂತರೆ ಅಮ್ಮ ಎಂದುಕೊಂಡು ತಟ್ಟೆ ನೋಡುತ್ತಲೇ ಉಂಡು, ಕೈ ತೊಳೆದು ಜಾಗ ಖಾಲಿ ಮಾಡಿದ. ಅವರಿಬ್ಬರೂ ಅಷ್ಟು ಹೊತ್ತೂ ಯಾವ ಕಣ್ಣಿನ ಡಾಕ್ಟರು ಒಳ್ಳೆಯವರೆಂದು ಚರ್ಚಿಸುತ್ತಿದ್ದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಎರಡೂ ಕಣ್ಣಿನ ಪೊರೆ ತೆಗೆದಾಯಿತು. ಎರಡನೆಯ ಪಟ್ಟಿ ಬಿಚ್ಚಿದ ದಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದರು. ಅತ್ತೆ ಕೊನೆಯ ಸಾಲನ್ನೂ ಓದಿ, ಅದರ ಕೆಳಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಡಾಕ್ಟರು ನಕ್ಕು, ಸಾಕು ತಾಯಿ ಎಂದರು.

ಅತ್ತೆ ಪಕ್ಕದಲ್ಲಿ ಕೂತಿದ್ದ ಸೊಸೆಯ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು.

"ನಿನ್ನ ಗಲ್ಲದ ಮೇಲೊಂದು ಮಚ್ಚೆ ಇದೆಯಲ್ಲೇ. ಯಾವಾಗಿಂದ?"

"ಹುಟ್ಟಿದಾಗಿಂದ ಅತ್ತೆ."