ಓಣಿಯ ಪದ

ಪೊಲೀಸರ ಗುಂಡಿಗೆ ಸತ್ತ ಗಂಡನನ್ನು ಊರಿನಲ್ಲಿ ಹೂಳಿ ನೈರೋಬಿಗೆ ಮರಳಿದ ಮರುದಿನ ಬೆಳಿಗ್ಗೆ, ಪಾಠ ಮಾಡಲು ಶಾಲೆಗೆ ಹೊರಟ ನೆಕೇಸಾ ನಡುದಾರಿಯಲ್ಲಿ ಇಳಿದು ಬೇರೆ ಮಟಾಟು ವ್ಯಾನು ಹತ್ತಿದಳು. ತೊಡೆಯ ಮೇಲೆ ಒಗೆದು ಮಡಚಿದ ಜಾಕೆಟ್ಟಿತ್ತು. ನೈರೋಬಿಯ ಜುಲೈ ಚಳಿಗೆಂದು ಗಂಡ ಒಲೂಚ್ ತನ್ನ ಹಳೆಯ ಓಣಿಯ ಗೆಳೆಯ ಮುರೀಥಿಯಿಂದ ಎರವಲು ತಂದಿದ್ದ.

ಓಣಿಯ ಬಾಯಲ್ಲಿ, ಕಾರು ತೊಳೆಯುವ ಜಾಗದ ಕಟ್ಟೆಯ ಮೇಲೆ ಹುಡುಗರು ಚಪಾತಿ ಸುತ್ತಿಕೊಂಡು ತಿನ್ನುತ್ತಿದ್ದರು. ತಮ್ಮ ಓಣಿಯ ಬೆರಕೆ ಆಡುಮಾತಾದ ಶೆಂಗ್‌ನಲ್ಲೇ ರೇಗಿಸಾಟ.

"ಲೇ ಗುರು, ಆ ಹುಡುಗಿ ನಿಂಗೆ ಬೀಳ್ತಾಳಾ? ಮೊದ್ಲು ಆ ಪೈಪ್ ಹಿಡ್ಕೊಂಡು ಮುಖ ತೊಳ್ಕೋ ಮಗಾ!"

ಅವಳನ್ನು ಕಂಡದ್ದೇ ನಗು ನಿಂತಿತು. ಮಾತು ಪಠ್ಯಪುಸ್ತಕದ ಸ್ವಾಹಿಲಿಗೆ ತಿರುಗಿತು.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ," ಎಂದ ಮುರೀಥಿ.

ಅವಳು ಕೂರಲಿಲ್ಲ. "ಅವತ್ತು ಇಲ್ಲಿಂದ ನೀವೆಲ್ಲ ಓಡಿದ್ರಿ. ಅವನೊಬ್ಬನೇ ಯಾಕೆ ನಿಂತ?"

"ಪೊಲೀಸ್ ಬಂದ್ರೆ ಕೂಗೋಕೆ ನಮ್ಮದೊಂದು ಪದ ಇರತ್ತೆ. ಹೊರಗಿನವ್ರಿಗೆ ಗೊತ್ತಾಗಿದ್ದೇ ಬದಲಾಯಿಸ್ತೀವಿ. ಆ ವಾರ ಬದಲಾಗಿತ್ತು. ನಾವು ಹೊಸದನ್ನ ಕೂಗಿದ್ವಿ. ಅವನು ನಗ್ತಾ ನಿಂತಿದ್ದ, ನಾವೇನೋ ಆಟ ಆಡ್ತಿದೀವಿ ಅಂತ."

"ಅವನಿಗೆ ಹೇಳೋದು ಮರೆತಿದ್ರಾ?"

ಪಕ್ಕದವನು ಚಪಾತಿ ಅಗಿಯುವುದನ್ನು ನಿಲ್ಲಿಸಿದ.

"ಮರ್ತಿರ್ಲಿಲ್ಲ ಅತ್ತಿಗೆ," ಎಂದ ಮುರೀಥಿ. "ಮದುವೆಯಾಗಿ ಗೇಟು, ಕಾವಲುಗಾರ ಇರೋ ಕಡೆ ಮನೆ ಮಾಡಿದ. ಪ್ರತಿ ಭಾನುವಾರ ಬರ್ತಿದ್ದ, ನಮಗಿಂತ ಜೋರಾಗಿ ನಮ್ಮ ಮಾತೇ ಆಡ್ತಿದ್ದ. ಆದ್ರೆ ಓಣೀಲಿ ಮಲಗದವನಿಗೆ ಪದ ಹೇಳ್ಬಾರ್ದು. ಆ ಕಟ್ಟಳೆ ಮಾಡಿದ್ದೇ ಅವನು."

ನೆಕೇಸಾಗೆ ಅಳು ಬರಲಿಲ್ಲ. "ಈಗಿನ ಪದ ಯಾವುದು?" ಎಂದು ಕೇಳಿದಳು.

ಮುರೀಥಿ ಹುಡುಗರ ಮುಖ ನೋಡಿದ. ಯಾರೂ ತಲೆಯಾಡಿಸಲಿಲ್ಲ. ಆದರೂ ಬಾಗಿ ಅವಳ ಕಿವಿಯಲ್ಲಿ ಹೇಳಿದ. ಅವಳು ಅದನ್ನು ಬಾಯೊಳಗೇ ಒಮ್ಮೆ ಆಡಿಕೊಂಡಳು. ತೀರಾ ಚಿಕ್ಕ ಪದ.

ಜಾಕೆಟ್ಟನ್ನು ಅವನ ಕೈಗಿಟ್ಟು ನಡೆದಳು. ತಿರುವು ದಾಟುವ ಮೊದಲೇ ಹಿಂದಿನಿಂದ ಅವನ ದನಿ ಕೇಳಿಸಿತು.

"ಕೇಳ್ರೋ, ಆ ಪದ ಹೊರಗೆ ಹೋಯ್ತು. ಬೇರೆ ಹುಡುಕಿ."