ಮೊದಲ ಆಣೆ ಯಾರದು

ಅರಕೆರೆಯ ನಮ್ಮ ಬೀದಿಗೆ ನಲ್ಲಿ ಬರಲು ತಗುಲಿದ ಬೆಲೆ ಒಂದು ಸೀರೆ. ಅದನ್ನು ನಮ್ಮಜ್ಜಿ ಮುಟ್ಟಲೂ ಇಲ್ಲ, ಆದರೂ ನೀರು ಬಂತು. ಇವತ್ತೂ ನನ್ನ ಅಂಗಡಿಯಲ್ಲಿ ಕರ್ಪೂರದ ಡಬ್ಬಿ ಬಿಚ್ಚಿದರೆ ಆ ಮಧ್ಯಾಹ್ನವೇ ಮೂಗಿಗೆ ಬಡಿಯುತ್ತದೆ.

ಪಂಚಾಯಿತಿ ಚುನಾವಣೆಯ ಕಾಲ. ಅವ್ವ ನಾಲೆಯಿಂದ ಕೊಡ ಹೊತ್ತು ಆಗತಾನೆ ಬಂದಿದ್ದಳು. ಓಟಿಗೆ ನಿಂತಿದ್ದ ನಮ್ಮ ದೂರದ ನೆಂಟ ಶಿವಣ್ಣ ಜಗಲಿಯ ಮೇಲೆ ತಟ್ಟೆ ಇಟ್ಟ. ಅದರಲ್ಲಿ ಮಾರಮ್ಮನ ಪಟ, ಉರಿಯುವ ಕರ್ಪೂರ, ಪಕ್ಕದಲ್ಲಿ ಹಳದಿ ಸೀರೆ.

“ಕರ್ಪೂರ ಮುಟ್ಟಿ ಆಣೆ ಇಡಜ್ಜಿ, ಮನೆ ಓಟೆಲ್ಲ ನಂಗೇ ಅಂತ.”

ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡಳು. “ಮೊದ್ಲು ನೀನಿಡ್ಲಾ, ಗೆದ್ರೆ ಈ ಬೀದಿಗೆ ನಲ್ಲಿ ಹಾಕುಸ್ತೀನಿ ಅಂತ.”

“ಇದ್ಕೆಲ್ಲಾ ದೇವ್ರನ್ನ ಎಳೀಬಾರ್ದಜ್ಜಿ.”

“ಓಹೋ, ಎಳ್ಕೊಂಡ್ ಬಂದೋನು ಯಾರ್ಲಾ? ಆಣೆ ತಪ್ಪಿದ್ರೆ ಮಾರಮ್ಮ ಕಣ್ಣು ಕೀಳೋದು ನಂದು ಮಾತ್ರಾನಾ?”

ಎದುರು ಮನೆಯ ಹೆಂಗಸರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಬೀದಿಯೇ ಸೇರಿತ್ತು, ಶಿವಣ್ಣ ಹಿಂದೆ ಸರಿಯುವಂತಿರಲಿಲ್ಲ. ಕರ್ಪೂರದ ಮೇಲೆ ಅಂಗೈ ಚಾಚಿ ಆಣೆ ಮಾಡಿದ. ಆಮೇಲೆ ಸೀರೆ ಮುಂದೆ ತಳ್ಳಿ, “ಈಗ ನೀನು” ಅಂದ.

“ಸೀರೆ ತಕೊಂಡೋಗಿ ನಿನ್ನೆಂಡ್ತಿಗೆ ಉಡ್ಸು. ನಾನೇನೂ ಈಸ್ಕೊಂಡಿಲ್ಲ, ನಂಗ್ಯಾಕ್ಲಾ ಆಣೆ?” ಅಂದವಳೇ ಮಾರಮ್ಮನಿಗೆ ಕೈಮುಗಿದು ಒಳಗೆ ಹೋದಳು.

ಅವನು ಗೆದ್ದ. ಬೇಸಿಗೆಗೆ ಮುಂಚೆಯೇ ನಲ್ಲಿ ಬಂತು. ಯಾರ ಗುರುತಿಗೆ ಮುದ್ರೆ ಒತ್ತಿದಳೆಂದು ಅಜ್ಜಿ ಅವ್ವನಿಗೂ ಹೇಳಲಿಲ್ಲ.

ನಿಮ್ಮ ಬಾಗಿಲಿಗೂ ದೇವರ ಪಟ ಹಿಡಿದವರು ಬಂದೇ ಬರುತ್ತಾರೆ. ಬೈದು ಕಳಿಸಬೇಡಿ. ಮೊದಲು ಅಕ್ಕಪಕ್ಕದವರನ್ನು ಕೂಗಿ ಕರೆಯಿರಿ. ಎಲ್ಲರೂ ಬಂದು ನಿಂತ ಮೇಲೆ, ನಿಮಗೇನು ಬೇಕೋ ಅದನ್ನು ಹೇಳಿ ಬಂದವರಿಂದಲೇ ಆಣೆ ಮಾಡಿಸಿ.